ಸಣ್ಣ ತಟ್ಟೆಯ ಹೋಟೆಲ್‌ಗೆ ಹೋದರೆ ಹೊಟ್ಟೆ ತುಂಬುತ್ತಾ?

ಪ್ರಶ್ನೆ: ಕಲಬುರಗಿಯಲ್ಲಿ ಸೇಡಂ ರಸ್ತೆ ಕಡೆ ಹೊಸದಾಗಿ ಒಂದು ‘ಸ್ಮಾಲ್ ಪ್ಲೇಟ್ಸ್’ ಹೋಟೆಲ್ ಶುರುವಾಗಿದೆ. ಮೆನು ನೋಡಿದರೆ ಊಟ ಅಂತ ಏನೂ ಇಲ್ಲ, ಎಲ್ಲ ಚಿಕ್ಕ ಚಿಕ್ಕ ಐಟಂ. ಒಂದೊಂದಕ್ಕೆ ಇನ್ನೂರರ ಆಸುಪಾಸು ರೇಟು. ಅತ್ತೆಯೂ ಸೇರಿ ನಾವು ನಾಲ್ಕು ಜನ ಹೋಗೋಣ ಅಂದುಕೊಂಡಿದ್ದೇವೆ. ಹೊಟ್ಟೆ ತುಂಬುತ್ತಾ? ಎಷ್ಟು ಆರ್ಡರ್ ಮಾಡಬೇಕು? ಬಿಲ್ ಎಷ್ಟಾಗಬಹುದು?

ಉತ್ತರ: ತುಂಬುತ್ತದೆ. ಆದರೆ ಕುಳಿತ ಕೂಡಲೇ ಎಲ್ಲವನ್ನೂ ಒಟ್ಟಿಗೆ ಹೇಳಿಬಿಟ್ಟರೆ ದುಡ್ಡು ಹೋಗುತ್ತದೆ, ಹೊಟ್ಟೆ ಅರ್ಧ ಖಾಲಿ ಉಳಿಯುತ್ತದೆ. ಇಂಥ ಹೋಟೆಲ್‌ನಿಂದ ಹೊರಬಂದು ‘ಸುಮ್ನೆ ಹೋದ್ವಿ’ ಅನ್ನುವವರಲ್ಲಿ ಜಾಸ್ತಿ ಜನ ಆರ್ಡರ್ ಮಾಡುವಾಗಲೇ ಎಡವಿರುತ್ತಾರೆ.

ನಮಗೆ ರೂಢಿಯಾಗಿರುವುದು ಖಾನಾವಳಿ. ಅಲ್ಲಿ ಕುಳಿತರೆ ಸಾಕು, ಕೇಳುವ ಮೊದಲೇ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ತಟ್ಟೆಗೆ ಬರುತ್ತವೆ. ಖಾಲಿಯಾದರೆ ಮತ್ತೆ ಬಡಿಸುತ್ತಾರೆ. ಲೆಕ್ಕ ತಲೆಗಿಷ್ಟು, ಅಷ್ಟೇ. ಸಣ್ಣ ತಟ್ಟೆಯ ಹೋಟೆಲ್‌ನಲ್ಲೂ ಟೇಬಲ್ ಮೇಲೆ ಏಳೆಂಟು ಬಗೆ ಇರುತ್ತದೆ. ಆದರೆ ಅಲ್ಲಿ ಪ್ರತಿ ಬಗೆಗೂ ಬೇರೆ ರೇಟು, ಮತ್ತೆ ಬಡಿಸುವುದು ಇಲ್ಲ, ಯಾವುದರ ಜೊತೆ ಯಾವುದು ಹೊಂದುತ್ತದೆ ಅನ್ನುವುದನ್ನು ನೀವೇ ತೀರ್ಮಾನ ಮಾಡಬೇಕು. ಖಾನಾವಳಿಯವರು ನಿಮ್ಮ ಪರವಾಗಿ ಮಾಡಿಕೊಡುತ್ತಿದ್ದ ಕೆಲಸ ಈಗ ನಿಮ್ಮ ತಲೆಗೆ ಬಂತು ಅನ್ನಿ.

ಆದ್ದರಿಂದ ಜನರ ಲೆಕ್ಕ ಬಿಟ್ಟು ಟೇಬಲ್ ಲೆಕ್ಕ ಹಿಡಿಯಿರಿ. ‘ನಿನಗೇನು, ನನಗೇನು’ ಅಂತ ಒಬ್ಬೊಬ್ಬರು ಒಂದೊಂದು ಹೇಳಿ, ಬಂದದ್ದನ್ನು ತಮ್ಮ ಮುಂದೆ ಎಳೆದುಕೊಂಡರೆ ಈ ಊಟ ಕೆಡುತ್ತದೆ. ಎಲ್ಲ ತಟ್ಟೆಯೂ ನಡುವೆ ಇರಬೇಕು, ಎಲ್ಲರೂ ಎಲ್ಲದರಿಂದ ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ಒಬ್ಬರಿಗೆ ಎರಡರಿಂದ ಮೂರು ತಟ್ಟೆ ಅಂತ ಅಂದಾಜು ಹಿಡಿಯುತ್ತಾರೆ. ನಾಲ್ಕು ಜನಕ್ಕೆ ಎಂಟರಿಂದ ಹನ್ನೆರಡು ಆಯಿತು. ನನ್ನ ಸಲಹೆ ಕೇಳಿದರೆ ಒಂಬತ್ತಕ್ಕೆ ನಿಲ್ಲಿಸಿ, ಅದೂ ಎರಡು ಕಂತಿನಲ್ಲಿ. ಮೊದಲು ಐದು ಹೇಳಿ. ಅವು ಬಂದು, ತಟ್ಟೆಯ ಗಾತ್ರ ಕಣ್ಣಿಗೆ ಬಿದ್ದ ಮೇಲೆ, ರುಚಿ ಹಿಡಿಸಿದ ಮೇಲೆ ಉಳಿದ ನಾಲ್ಕನ್ನು ಹೇಳಿ. ಮೊದಲ ಕಂತಿನಲ್ಲಿ ಚೆನ್ನಾಗಿದ್ದದ್ದನ್ನೇ ಎರಡನೇ ಸಲ ತರಿಸಿದರೂ ತಪ್ಪಿಲ್ಲ. ವೇಟರ್ ‘ಎಲ್ಲ ಒಟ್ಟಿಗೆ ಹೇಳಿಬಿಡಿ ಸರ್, ಲೇಟಾಗುತ್ತೆ’ ಅಂದರೆ ಒಪ್ಪಬೇಡಿ. ಇಂಥ ಅಡುಗೆಮನೆಯಲ್ಲಿ ಯಾವುದು ಮೊದಲು ಆಗುತ್ತದೋ ಅದು ಮೊದಲು ಬರುತ್ತದೆ. ಒಂಬತ್ತನ್ನೂ ಒಟ್ಟಿಗೆ ಹೇಳಿದರೆ ಕರಿದದ್ದು ಆರುತ್ತದೆ, ಟೇಬಲ್ ಮೇಲೆ ಜಾಗವೂ ಸಾಲುವುದಿಲ್ಲ.

ಆ ಐದರಲ್ಲಿ ಏನೇನಿರಬೇಕು? ಕರಿದದ್ದು ಒಂದೇ ಇರಲಿ, ಹೆಚ್ಚೆಂದರೆ ಎರಡು. ನಮ್ಮ ಜನ ಮೆನು ತೆರೆದ ಕೂಡಲೇ ಕರಿದದ್ದರ ಮೇಲೆಯೇ ಕಣ್ಣು ಹಾಕುತ್ತಾರೆ. ಮೂರು ತಟ್ಟೆ ಕರಿದದ್ದು ತಿಂದರೆ ಬಾಯಿ ಕಟ್ಟುತ್ತದೆ, ಹೊಟ್ಟೆ ತುಂಬಿದ ಹಾಗೆ ಅನಿಸುತ್ತದೆ, ಮನೆಗೆ ಬಂದು ರಾತ್ರಿ ಹನ್ನೊಂದಕ್ಕೆ ಮೊಸರನ್ನ ಹುಡುಕಬೇಕಾಗುತ್ತದೆ. ಒಂದು ತಣ್ಣನೆಯದು ಇರಲಿ. ಮೊಸರಿನದು, ಕೋಸಂಬರಿ ತರಹದ್ದು, ಏನಾದರೂ ಸರಿ. ಏಪ್ರಿಲ್, ಮೇ ತಿಂಗಳಲ್ಲಿ ಹಗಲು ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಗ್ರೇವಿ ಇರುವುದು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೊಟ್ಟೆಗೆ ಆಧಾರವಾಗುವಂಥದ್ದು ಒಂದು ಬೇಕು: ರೊಟ್ಟಿ, ಅನ್ನ, ಬ್ರೆಡ್, ಯಾವುದೋ ಒಂದು. ಇದನ್ನು ಬಿಟ್ಟವರಿಗೇ ಹೊಟ್ಟೆ ತುಂಬದೇ ಇರುವುದು. ಸ್ಪೇನ್‌ನವರು ತಾಪಾಸ್ ಅನ್ನುವ ತಮ್ಮ ಸಣ್ಣ ತಟ್ಟೆಗಳ ಜೊತೆ ಬ್ರೆಡ್ ಇಟ್ಟುಕೊಳ್ಳುತ್ತಾರೆ, ಲೆಬನಾನ್‌ನವರು ಮೆಝೆ ಅನ್ನುವ ತಮ್ಮ ಸಣ್ಣ ತಟ್ಟೆಗಳ ಜೊತೆ ತೆಳು ರೊಟ್ಟಿ ಹರಿದು ತಿನ್ನುತ್ತಾರೆ. ಸಣ್ಣ ತಟ್ಟೆಯ ಊಟ ಬೆಳೆದು ಬಂದ ಕಡೆಯಲ್ಲೆಲ್ಲ ಬರೀ ತಟ್ಟೆ ತಿಂದು ಯಾರೂ ಏಳುವುದಿಲ್ಲ. ಮೆನುವಿನಲ್ಲಿ ಜೋಳದ ರೊಟ್ಟಿ ಇಲ್ಲದಿದ್ದರೂ ಕೇಳಿ ನೋಡಿ. ಇನ್ನೊಂದು ಮಾತು, ತಾಪಾಸ್ ಹುಟ್ಟಿದ್ದು ಕುಡಿತದ ಜೊತೆಗಿನ ತಿಂಡಿಯಾಗಿ. ಸ್ಪೇನ್‌ನ ಗ್ರಾನಡಾ ಊರಿನಲ್ಲಿ ಇವತ್ತಿಗೂ ಒಂದು ಗ್ಲಾಸ್ ಕೊಂಡರೆ ಒಂದು ಸಣ್ಣ ತಟ್ಟೆ ಪುಕ್ಕಟೆ ಕೊಡುವ ಬಾರ್‌ಗಳಿವೆ. ಅದನ್ನೇ ಮನೆಮಂದಿಯೆಲ್ಲ ಕುಳಿತು ಮಾಡುವ ಊಟವಾಗಿ ಮಾರುವಾಗ ರೊಟ್ಟಿ-ಅನ್ನದ ಜಾಗ ಖಾಲಿ ಉಳಿದಿರುತ್ತದೆ.

ಪೀಸ್ ಎಷ್ಟು ಅಂತ ಕೇಳುವುದಕ್ಕೆ ಸಂಕೋಚ ಬೇಡ. ಇಂಥ ತಟ್ಟೆಗಳಲ್ಲಿ ಮೂರು ಇಲ್ಲವೇ ಐದು ಪೀಸ್ ಇರುವುದು ಸಾಮಾನ್ಯ, ನೋಡಲು ಚೆಂದ ಅಂತ. ನೀವು ನಾಲ್ಕು ಜನ. ಐದನೆಯದು ಯಾರಿಗೆ ಅಂತ ಎಲ್ಲರೂ ‘ನನಗೆ ಬೇಡ, ನೀವು ತಗೊಳ್ಳಿ’ ಅನ್ನುತ್ತಾ ಕೂರುತ್ತಾರೆ. ಮೂರೇ ಬಂದರೆ ಇನ್ನೂ ಕಷ್ಟ, ಅಲ್ವಾ? ಆರ್ಡರ್ ಮಾಡುವಾಗಲೇ ‘ನಾಲ್ಕು ಪೀಸ್ ಮಾಡಿ, ಒಂದರ ರೇಟು ಸೇರಿಸಿ’ ಅಂದರೆ ಮಾಡಿಕೊಡುವವರು ಮಾಡಿಕೊಡುತ್ತಾರೆ.

ಇನ್ನು ಅತ್ತೆಯವರ ವಿಷಯ. ನೀವು ಬರೆದಿಲ್ಲ, ಆದರೆ ಅವರನ್ನು ಎಣಿಸಿ ಹೇಳಿದ್ದೀರಿ ಅಂದರೆ ಮನಸ್ಸಿನಲ್ಲಿ ಏನೋ ಇದೆ ಅಂದುಕೊಳ್ಳುತ್ತೇನೆ. ನಡುವೆ ಇಟ್ಟ ತಟ್ಟೆಗೆ ನಾಲ್ಕು ಜನ ತಮ್ಮ ತಮ್ಮ ಚಮಚ ಹಾಕುವುದು ನಮ್ಮ ಹಿರಿಯರಿಗೆ ಹಿಡಿಸುವ ಮಾತಲ್ಲ. ಅದು ಎಂಜಲು. ಹೋಟೆಲ್‌ನವರಿಗೆ ಇದು ಹೊಳೆಯದೇ ಇರಬಹುದು. ಕುಳಿತ ಕೂಡಲೇ ಎರಡು ಮಾತು ಹೇಳಿಬಿಡಿ: ಪ್ರತಿ ತಟ್ಟೆಗೂ ಬೇರೆ ಬಡಿಸುವ ಚಮಚ, ಒಬ್ಬೊಬ್ಬರಿಗೆ ಒಂದು ಖಾಲಿ ತಟ್ಟೆ. ತಟ್ಟೆ ಬಂದ ಕೂಡಲೇ ಮೊದಲು ಅತ್ತೆಯವರಿಗೆ ಬಡಿಸಿ. ಆಮೇಲೆ ಉಳಿದವರು ಹೇಗೆ ತಿಂದರೂ ನಡೆಯುತ್ತದೆ. ಡಿಪ್ ಅಂತ ಬರುವ ಬಟ್ಟಲುಗಳಲ್ಲಿ ಎಚ್ಚರ ಬೇಕು, ಕಚ್ಚಿದ ತುಂಡನ್ನೇ ಮತ್ತೆ ಅದ್ದುವುದು ಅಲ್ಲೇ. ಅದನ್ನು ಎರಡು ಚಿಕ್ಕ ಬಟ್ಟಲಿನಲ್ಲಿ ಕೊಡಲು ಹೇಳಿದರೆ ಮುಗಿಯಿತು. ಹಂಚಿಕೊಂಡು ತಿನ್ನುವುದೇ ನಮ್ಮೂರಿಗೆ ಹೊಸದು ಅಂತ ಏನಿಲ್ಲ. ಒಂದೇ ದೊಡ್ಡ ತಟ್ಟೆಯ ಸುತ್ತ ಕುಳಿತು ಮಂಡಿ ಬಿರಿಯಾನಿ ತಿನ್ನುವವರು ಇಲ್ಲೇ ಇದ್ದಾರೆ. ಒಂದು ಮನೆಯಲ್ಲಿ ಸಹಜವಾದದ್ದು ಪಕ್ಕದ ಮನೆಯಲ್ಲಿ ನಡೆಯುವುದಿಲ್ಲ, ಅಷ್ಟೇ.

ಸಸ್ಯಾಹಾರಿ-ಮಾಂಸಾಹಾರಿ ಎರಡೂ ಇರುವ ಟೇಬಲ್ ಆದರೆ ಇದೇ ಮಾತು ಇನ್ನೂ ಗಟ್ಟಿಯಾಗಿ ಹೇಳಬೇಕು. ಖಾನಾವಳಿಯಲ್ಲಿ ಅವರವರ ತಟ್ಟೆ ಅವರವರ ಮುಂದೆ ಇರುತ್ತದೆ. ಇಲ್ಲಿ ಎಲ್ಲ ನಡುವೆ ಬಂದು ಕೂರುತ್ತದೆ, ಒಂದೇ ಅಳತೆಯ ಕಪ್ಪು ತಟ್ಟೆಯಲ್ಲಿ, ಮೇಲೆ ಒಂದೇ ತರಹದ ಕೊತ್ತಂಬರಿ. ಪನೀರ್ ಯಾವುದು ಚಿಕನ್ ಯಾವುದು ಮಬ್ಬು ಬೆಳಕಿನಲ್ಲಿ ಗೊತ್ತಾಗುವುದಿಲ್ಲ. ಎರಡನ್ನೂ ಟೇಬಲ್‌ನ ಎರಡು ತುದಿಗೆ ಇಡಲು ಹೇಳಿ. ಕರಿಯುವ ಎಣ್ಣೆ ಬೇರೆಯಾ ಅಂತಲೂ ಕೇಳಿ, ಹೊಸ ಹೋಟೆಲ್ ಆದರೆ ಖಂಡಿತ ಕೇಳಿ. ಶೇಂಗಾ ಆಗದವರು ಯಾರಾದರೂ ಇದ್ದರೆ ಅದನ್ನೂ ಮೊದಲೇ ಹೇಳಬೇಕು. ನಮ್ಮ ಕಡೆ ಶೇಂಗಾ ಪುಡಿ ಬೀಳದ ಅಡುಗೆ ಕಡಿಮೆ.

ಈಗ ದುಡ್ಡಿನ ಮಾತು. ತಟ್ಟೆಗೆ ಸರಾಸರಿ 200 ರೂಪಾಯಿ ಅಂತ ಹಿಡಿದರೆ ಒಂಬತ್ತಕ್ಕೆ 1,800. ಶೇಕಡಾ 5ರ ಜಿಎಸ್‌ಟಿ 90 ರೂಪಾಯಿ. ಒಟ್ಟು 1,890, ಜ್ಯೂಸು-ಸಿಹಿ ಬಿಟ್ಟು. ಖಾನಾವಳಿ ಬಿಲ್ ಪಕ್ಕ ಇಟ್ಟರೆ ತುಂಬಾ ಜಾಸ್ತಿ, ಅದರಲ್ಲಿ ಎರಡು ಮಾತಿಲ್ಲ. ಗ್ರಾಂ ಲೆಕ್ಕದಲ್ಲಿ ನೋಡಿದರೆ ಸಣ್ಣ ತಟ್ಟೆ ಯಾವಾಗಲೂ ದುಬಾರಿಯೇ. ಖಾನಾವಳಿಯಲ್ಲಿ ಎಣ್ಣೆಗಾಯಿ ಬೆಳಿಗ್ಗೆ ಒಂದು ದೊಡ್ಡ ಪಾತ್ರೆಯಲ್ಲಿ ಆಗಿರುತ್ತದೆ, ನೂರು ಜನಕ್ಕೆ ಬಡಿಸುವುದಷ್ಟೇ ಕೆಲಸ. ಇಲ್ಲಿ ಒಂಬತ್ತು ತಟ್ಟೆ ಅಂದರೆ ಒಂಬತ್ತು ಸಲ ಒಲೆಯ ಮುಂದೆ ನಿಲ್ಲಬೇಕು, ಒಂಬತ್ತು ಸಲ ಜೋಡಿಸಬೇಕು, ವೇಟರ್ ಒಂಬತ್ತು ಸಲ ಓಡಾಡಬೇಕು, ತೊಳೆಯುವ ಪಾತ್ರೆಯೂ ಜಾಸ್ತಿ. ಜನ ಒಂದೂವರೆ ಗಂಟೆ ಟೇಬಲ್ ಬಿಡುವುದಿಲ್ಲ. ಅದೆಲ್ಲ ರೇಟಿನಲ್ಲಿ ಸೇರಿರುತ್ತದೆ. ಸ್ಪೇನ್‌ನ ಸಾನ್ ಸೆಬಾಸ್ಟಿಯನ್‌ನಲ್ಲಿ ಬ್ರೆಡ್ ತುಂಡಿನ ಮೇಲೆ ಕಡ್ಡಿ ಚುಚ್ಚಿ ಕೊಡುವ ಪಿಂಚೋ ಅನ್ನುವ ತಿಂಡಿ ಇದೆ. ಕೆಲವು ಬಾರ್‌ಗಳಲ್ಲಿ ತಿಂದು ಮುಗಿದ ಮೇಲೆ ಉಳಿದ ಕಡ್ಡಿ ಎಣಿಸಿ ಬಿಲ್ ಮಾಡುತ್ತಾರೆ. ಇಲ್ಲಿ ಕಡ್ಡಿ ಇರುವುದಿಲ್ಲ, ಹಾಗಾಗಿ ಎಷ್ಟು ತಟ್ಟೆ ಬಂತು ಅಂತ ನಿಮ್ಮಲ್ಲೇ ಒಬ್ಬರು ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ.

ಬಿಲ್ ಬಂದಾಗ ನೋಡಬೇಕಾದದ್ದು ಇದೆ. ಸಾಮಾನ್ಯ ರೆಸ್ಟೋರೆಂಟ್‌ಗೆ ಜಿಎಸ್‌ಟಿ ಶೇಕಡಾ 5. ಅದು ಕೇಂದ್ರದ ಎರಡೂವರೆ, ರಾಜ್ಯದ ಎರಡೂವರೆ ಅಂತ ಎರಡು ಸಾಲಿನಲ್ಲಿ ಇರುತ್ತದೆ. ಹೋಟೆಲ್‌ನವರು ಕಾಂಪೊಸಿಷನ್ ಸ್ಕೀಮ್‌ನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿಯಲ್ಲಿ ಇದ್ದರೆ ಗಿರಾಕಿಯಿಂದ ಜಿಎಸ್‌ಟಿ ತೆಗೆದುಕೊಳ್ಳುವ ಹಾಗೆಯೇ ಇಲ್ಲ. ಆಗ ಅದನ್ನು ಬಿಲ್ ಮೇಲೆ ಬರೆದಿರಬೇಕು. ಇನ್ನು ಸರ್ವಿಸ್ ಚಾರ್ಜ್. ಇದು ತೆರಿಗೆ ಅಲ್ಲ. ಅದನ್ನು ಬಿಲ್‌ಗೆ ತಾನಾಗಿ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಸೇರಿಸಿದ್ದರೆ ತೆಗೆಯಿರಿ ಅನ್ನಿ, ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಹುಡುಗರು ಚೆನ್ನಾಗಿ ನೋಡಿಕೊಂಡಿದ್ದರೆ ಅವರ ಕೈಗೇ ಟಿಪ್ಸ್ ಕೊಡಿ, ಅದು ಬೇರೆ ವಿಷಯ. ಬಿಲ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರ್ ಇರಬೇಕು ಅನ್ನುವುದು 2022ರ ಜನವರಿಯಿಂದ ನಿಯಮ. ಹೊಸ ಜಾಗ ಆದ್ದರಿಂದ ಅದರ ಮೇಲೂ ಒಂದು ಸಲ ಕಣ್ಣು ಹಾಯಿಸಿ.

ಹೋಗುವುದಕ್ಕೆ ಯೋಗ್ಯವಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೆನು ಪೂರ್ತಿ ನೋಡಿ. ಚಿಲ್ಲಿ ಚೀಸ್ ಟೋಸ್ಟ್, ಪೆರಿ ಪೆರಿ ಫ್ರೈಸ್, ಸಿಗಾರ್ ರೋಲ್ ಇಷ್ಟೇ ಇದ್ದರೆ, ಅದು ಯಾವ ಊರಿನಲ್ಲಿ ಬೇಕಾದರೂ ಸಿಗುವ ಮೆನು. ಒಂದು ಸಲ ನೋಡಿ ಬನ್ನಿ, ಸಾಕು. ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿದ ಜಿಲ್ಲೆ ನಮ್ಮದು. ಚಳಿಗಾಲದಲ್ಲಿ ಬೇಯಿಸಿದ ಹಸಿ ತೊಗರಿಕಾಯಿ, ಸುಟ್ಟ ಸೀತನಿ (ಎಳೆ ಜೋಳದ ಕಾಳು), ಹೆಸರುಕಾಳಿನ ಉಸುಳಿ, ಖಡಕ್ ರೊಟ್ಟಿ ಮುರಿದು ಮೇಲೆ ಗುರೆಳ್ಳು ಹಿಂಡಿ ಮತ್ತು ಗಟ್ಟಿ ಮೊಸರು, ಝುಣಕದ ವಡಿ, ಒಂದು ಚಿಕ್ಕ ಬಟ್ಟಲು ತಹರಿ (ಮಸಾಲೆ ಅನ್ನ)... ಸಣ್ಣ ತಟ್ಟೆಗೆ ಇದಕ್ಕಿಂತ ಹೊಂದುವ ಸಾಮಾನು ಇನ್ನೆಲ್ಲಿ ಸಿಗಬೇಕು? ಇವುಗಳಲ್ಲಿ ಎರಡು ಮೂರನ್ನಾದರೂ ಮೆನುವಿನಲ್ಲಿ ಇಟ್ಟಿದ್ದರೆ ಆ ಅಡುಗೆಯವರು ಯೋಚನೆ ಮಾಡಿದ್ದಾರೆ ಅಂತ ಅರ್ಥ. ಅಂಥ ಕಡೆ 1,890 ಕೊಡಲು ನನ್ನ ತಕರಾರಿಲ್ಲ.

ಪಾರ್ಸಲ್ ಮಾಡಿಸಿಕೊಂಡು ಮನೆಯಲ್ಲಿ ತಿನ್ನುವ ಯೋಚನೆ ಇದ್ದರೆ ಬಿಡಿ. ಡಬ್ಬಿಯೊಳಗೆ ಹಬೆ ಕಟ್ಟಿ ಕರಿದದ್ದೆಲ್ಲ ಮೆತ್ತಗಾಗುತ್ತದೆ.

ಯಾವಾಗ ಹೋಗಬೇಕು ಅಂದರೆ, ತೆರೆದ ಮೊದಲ ವಾರಗಳಲ್ಲಿ ಭಾನುವಾರ ಬೇಡ. ಅಡುಗೆಮನೆಗೆ ಇನ್ನೂ ಕೈ ಕೂಡಿರುವುದಿಲ್ಲ, ತಟ್ಟೆ ತಟ್ಟೆಗೆ ಅರ್ಧ ಗಂಟೆ ಕಾಯಬೇಕಾಗುತ್ತದೆ. ಮಂಗಳವಾರ, ಬುಧವಾರದ ಹಾಗೆ ಒಂದು ದಿನ ಸಂಜೆ ಏಳೂವರೆಗೆ ಹೋಗಿ. ಹೊರಡುವ ಮೊದಲು ಒಂದು ಫೋನ್ ಮಾಡಿ ರೊಟ್ಟಿ ಸಿಗುತ್ತಾ, ಎಣ್ಣೆ ಬೇರೆಯಾ, ಕುರ್ಚಿಗೆ ಬೆನ್ನು ಇದೆಯಾ ಅಂತ ಕೇಳಿ. ಕೊನೆಯದು ಅತ್ತೆಯವರಿಗಾಗಿ. ಇಂಥ ಹೊಸ ಹೋಟೆಲ್‌ಗಳಲ್ಲಿ ಎತ್ತರದ ಸ್ಟೂಲ್ ಹಾಕುವ ಚಟ ಜಾಸ್ತಿ.