ನಿರ್ವಹಣೆಗೆ ಮುನ್ನ ಸ್ಲರ್ಮ್ ನಿಲ್ಲಿಸುವ ಕ್ರಮ

ಸೂಪರ್‌ಕಂಪ್ಯೂಟರ್‌ನಲ್ಲಿ ಯಾರ ಜಾಬ್ (ಲೆಕ್ಕದ ಕೆಲಸ) ಯಾವ ನೋಡ್‌ನಲ್ಲಿ (ಅದರೊಳಗಿನ ಕಂಪ್ಯೂಟರ್‌ನಲ್ಲಿ) ಯಾವಾಗ ಓಡಬೇಕೆಂದು ತೀರ್ಮಾನಿಸುವ ಸ್ಲರ್ಮ್ ತಂತ್ರಾಂಶವನ್ನು ನಿಲ್ಲಿಸಲು ಒಂದೇ ಕಮಾಂಡ್ ಸಾಕಾದರೂ, ಸುರಕ್ಷಿತವಾಗಿ ನಿಲ್ಲಿಸುವ ಕೆಲಸ ಹಲವು ದಿನ ಮೊದಲೇ ಶುರುವಾಗಿರಬೇಕು. ಎಷ್ಟು ದಿನ ಮೊದಲು ಎಂಬುದು ಆ ಕ್ಲಸ್ಟರ್‌ನಲ್ಲಿ, ಅಂದರೆ ನೋಡ್‌ಗಳ ಗುಂಪಿನಲ್ಲಿ, ಒಂದು ಜಾಬ್‌ಗೆ ಕೊಟ್ಟಿರುವ ಗರಿಷ್ಠ ಅವಧಿಯನ್ನು ಅವಲಂಬಿಸಿದೆ. ಅದು 72 ಗಂಟೆಯಾಗಿದ್ದರೆ, ಸೋಮವಾರ ಬೆಳಿಗ್ಗೆ 9ರ ನಿರ್ವಹಣೆಗೆ ಹಿಂದಿನ ಶುಕ್ರವಾರ ಬೆಳಿಗ್ಗೆ 9ರೊಳಗೆ ಎಲ್ಲ ನೋಡ್‌ಗಳ ಮೇಲೂ ನಿರ್ವಹಣಾ ರಿಸರ್ವೇಶನ್, ಅಂದರೆ ಆ ಹೊತ್ತಿಗೆ ನೋಡ್‌ಗಳನ್ನು ಕಾಯ್ದಿರಿಸುವ ಆದೇಶ, ಹಾಕಿರಬೇಕು.

ಇದಾದ ಮೇಲೆ ಸ್ಲರ್ಮ್ ತಾನೇ ಯಂತ್ರವನ್ನು ಬರಿದು ಮಾಡುತ್ತದೆ. ಸೋಮವಾರ 9ರೊಳಗೆ ಮುಗಿಯಲಾರದ ಜಾಬ್‌ಗಳು ಸರದಿಯಲ್ಲೇ ಉಳಿಯುತ್ತವೆ. ನಡುವೆ ಸಿಗುವ ಬಿಡುವಿನಲ್ಲಿ ಚಿಕ್ಕ ಜಾಬ್‌ಗಳು ಓಡಿ ಮುಗಿಯುತ್ತವೆ. ಎರಡು ಗಂಟೆಯ ಲೆಕ್ಕಕ್ಕೆ ಮೂರು ದಿನ ಕೇಳುವ ರೂಢಿಯುಳ್ಳ ಸಂಶೋಧಕರಿಗೆ ಈ ಬಿಡುವು ದಕ್ಕುವುದಿಲ್ಲ, ಆದ್ದರಿಂದ ಅವರಿಗೆ ಮೊದಲೇ ತಿಳಿಸುವುದು ನಮ್ಮ ಕರ್ತವ್ಯ. ಓಡುತ್ತಿರುವ ಜಾಬ್ ಅಡ್ಡ ಬಂದಾಗ ಸ್ಲರ್ಮ್ ರಿಸರ್ವೇಶನ್ ನಿರಾಕರಿಸುತ್ತದೆ. ಅದನ್ನು ದಾಟಲು ‘ಇಗ್ನೋರ್ ಜಾಬ್ಸ್’ (ಜಾಬ್‌ಗಳನ್ನು ಲೆಕ್ಕಿಸಬೇಡ) ಎಂಬ ಫ್ಲ್ಯಾಗ್, ಅಂದರೆ ಕಮಾಂಡ್‌ನ ಆಯ್ಕೆ, ಇದೆ. ಆ ಜಾಬ್ ಯಾರದು, ಎಂದು ಮುಗಿಯುತ್ತದೆ ಎಂದು ನೋಡದೆ ಫ್ಲ್ಯಾಗ್ ಹಾಕಿದರೆ, ನಿರ್ವಹಣೆಯ ದಿನವೂ ಅದು ಓಡುತ್ತಲೇ ಇರುತ್ತದೆ.

ಹಾಗೆ ಉಳಿದ ಜಾಬ್‌ಗಳನ್ನು ಸಸ್ಪೆಂಡ್ ಮಾಡಿದರೆ (ತಾತ್ಕಾಲಿಕವಾಗಿ ತಡೆದರೆ) ಸಾಕೆಂಬ ಭಾವನೆ ಅಪಾಯಕಾರಿ. ಸಸ್ಪೆಂಡ್ ಆದ ಪ್ರಕ್ರಿಯೆ ನೋಡ್‌ನ ಮೆಮೊರಿಯಲ್ಲೇ ಇರುವುದರಿಂದ ರೀಬೂಟ್ ಮಾಡಿದೊಡನೆ ಅಳಿಸಿಹೋಗುತ್ತದೆ. ರೀಕ್ಯೂ ಮಾಡಿದರೆ, ಅಂದರೆ ಮರಳಿ ಸರದಿಗೆ ಸೇರಿಸಿದರೆ, ಬ್ಯಾಚ್ ಸ್ಕ್ರಿಪ್ಟ್ (ಜಾಬ್‌ನ ಆದೇಶಗಳ ಕಡತ) ಮೊದಲಿನಿಂದ ಓಡುತ್ತದೆ. ಚೆಕ್‌ಪಾಯಿಂಟ್ (ನಡುನಡುವೆ ಉಳಿಸಿಟ್ಟ ಸ್ಥಿತಿ) ಇಲ್ಲದ ಲೆಕ್ಕವಾದರೆ ದಿನಗಟ್ಟಲೆಯ ಶ್ರಮ ಹೋಗುವುದಲ್ಲದೆ, ಹಳೆಯ ಫಲಿತಾಂಶದ ಕಡತದ ಮೇಲೆಯೇ ಹೊಸದು ಬರೆದುಹೋಗಬಹುದು. ಜಾಬ್‌ನ ಒಡೆಯರನ್ನು ಕೇಳದೆ ಇವೆರಡನ್ನೂ ಮಾಡಬಾರದೆಂಬುದು ನನ್ನ ದೃಢ ಅಭಿಪ್ರಾಯ.

ನಿಲ್ಲಿಸುವಾಗ ಕೇಂದ್ರ ನಿಯಂತ್ರಕವಾದ ಸ್ಲರ್ಮ್‌ಸಿಟಿಎಲ್‌ಡಿ ಮೊದಲು, ಪ್ರತಿ ನೋಡ್‌ನಲ್ಲಿ ಜಾಬ್ ಓಡಿಸುವ ಸ್ಲರ್ಮ್‌ಡಿ ಆಮೇಲೆ. ಕ್ರಮ ತಿರುಗಿಸಿದರೆ, 300 ಸೆಕೆಂಡುಗಳ ಡೀಫಾಲ್ಟ್ ಗಡುವು ಮೀರಿದೊಡನೆ ನಿಯಂತ್ರಕವು ಉತ್ತರಿಸದ ನೋಡ್‌ಗಳನ್ನು ಡೌನ್ ಎಂದು ಗುರುತಿಸಿ, ಅಲ್ಲಿ ಉಳಿದ ಜಾಬ್‌ಗಳನ್ನು ಕೊನೆಗೊಳಿಸುತ್ತದೆ ಅಥವಾ ಮರಳಿ ಸರದಿಗೆ ಸೇರಿಸುತ್ತದೆ. ಬ್ಯಾಕಪ್ ನಿಯಂತ್ರಕವಿದ್ದರೆ ಅದನ್ನು ಇನ್ನೂ ಮೊದಲೇ ನಿಲ್ಲಿಸಬೇಕು, ಇಲ್ಲವಾದರೆ ಮುಖ್ಯ ನಿಯಂತ್ರಕ ನಿಂತದ್ದನ್ನು ಕಂಡು ಅದು ಅಧಿಕಾರ ವಹಿಸಿಕೊಳ್ಳುತ್ತದೆ. ಸರದಿಯ ಸ್ಥಿತಿಯನ್ನು ಉಳಿಸಿಡುವ ಡೈರೆಕ್ಟರಿಯ ಪ್ರತಿಯನ್ನು ಎಲ್ಲವೂ ನಿಂತ ಮೇಲೆ ತೆಗೆಯಬೇಕು. ಓಡಿದ ಜಾಬ್‌ಗಳ ಲೆಕ್ಕವಿಡುವ ಅಕೌಂಟಿಂಗ್ ಡೇಟಾಬೇಸ್‌ನ ಪ್ರತಿಯೂ ಬೇಕು.

ಆವೃತ್ತಿ ಬದಲಿಸುವುದಿದ್ದರೆ ಆ ಡೇಟಾಬೇಸ್ ನೋಡಿಕೊಳ್ಳುವ ಸ್ಲರ್ಮ್‌ಡಿಬಿಡಿಯಿಂದ ಆರಂಭಿಸಿ, ನಿಯಂತ್ರಕ, ನೋಡ್‌ಗಳು ಎಂಬ ಕ್ರಮ ಹಿಡಿಯಬೇಕು. ದೊಡ್ಡ ಡೇಟಾಬೇಸ್‌ನ ಪರಿವರ್ತನೆಗೆ ಗಂಟೆಗಳೇ ಹಿಡಿಯಬಹುದಾದ್ದರಿಂದ, ಲಿನಕ್ಸ್‌ನಲ್ಲಿ ಸೇವೆಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಮ್‌ಡಿ ತನ್ನ ಗಡುವು ಮುಗಿಯಿತೆಂದು ಅದನ್ನು ಅರ್ಧಕ್ಕೇ ಕೊಲ್ಲದಂತೆ, ಮೊದಲ ಬಾರಿ ಸ್ಲರ್ಮ್‌ಡಿಬಿಡಿಯನ್ನು ಕೈಯಾರೆ ಓಡಿಸುವುದು ಒಳ್ಳೆಯದು.

ಮರಳಿ ಎಬ್ಬಿಸುವಾಗ ಗಡಿಯಾರಗಳನ್ನು ನೋಡಿ. ನೋಡ್ ಮತ್ತು ನಿಯಂತ್ರಕ ಪರಸ್ಪರ ಗುರುತಿಸಲು ಬಳಸುವ ಮಂಜ್ ದೃಢೀಕರಣದ ಆಯುಷ್ಯ ಸಾಮಾನ್ಯವಾಗಿ 5 ನಿಮಿಷ. ಅದಕ್ಕಿಂತ ಹೆಚ್ಚು ಸಮಯ ತಪ್ಪಿದ ನೋಡ್ ನಿಯಂತ್ರಕದೊಂದಿಗೆ ಮಾತನಾಡಲಾರದು. ರಿಸರ್ವೇಶನ್ ಇನ್ನೂ ಜಾರಿಯಲ್ಲಿರುವಾಗಲೇ, ಅದರೊಳಗೆ ಪ್ರತಿಯೊಂದು ನೋಡ್‌ನ ಮೇಲೂ ಒಂದು ಪರೀಕ್ಷಾ ಜಾಬ್ ಓಡಿಸಿ, ಅದು ಸರಿಯಾಗಿ ಮುಗಿದು ಅಕೌಂಟಿಂಗ್‌ನಲ್ಲಿ ದಾಖಲಾದದ್ದನ್ನು ಕಂಡ ಮೇಲಷ್ಟೇ ರಿಸರ್ವೇಶನ್ ಅಳಿಸಬೇಕು.