ಕೊಲ್ಲುತ್ತಾರೆಂದು ಗೊತ್ತಾದರೂ ಆ ಕುರಿಗಾಹಿ ಓಡಲಿಲ್ಲವೇಕೆ?

ಪ್ರಶ್ನೆ: ರೊಮೇನಿಯಾದ ‘ಮಿಯೊರಿತ್ಸ’ ಎಂಬ ಜನಪದ ಹಾಡಿನಲ್ಲಿ ಕುರಿಯೇ ಬಂದು ಎಚ್ಚರಿಸಿದರೂ ಕುರಿಗಾಹಿ ಓಡುವುದಿಲ್ಲ, ಬಡಿದಾಡುವುದೂ ಇಲ್ಲ. ಇದೇನು, ಹಣೆಬರಹವೆಂದು ಕೈಚೆಲ್ಲುವುದೇ?

ಉತ್ತರ: ರೊಮೇನಿಯಾದವರೇ ಇದರ ಬಗ್ಗೆ ನೂರು ವರ್ಷಕ್ಕೂ ಮೇಲೆ ಜಗಳವಾಡಿದ್ದಾರೆ. ನನ್ನ ಉತ್ತರ: ಅಲ್ಲ.

ಕಥೆ ಚಿಕ್ಕದು. ಮೂವರು ಕುರಿಗಾಹಿಗಳು ಮಂದೆಯೊಂದಿಗೆ ಬೆಟ್ಟ ಇಳಿಯುತ್ತಿದ್ದಾರೆ. ಅವರಲ್ಲಿ ಮೊಲ್ದಾವಿಯ ಪ್ರಾಂತ್ಯದವನ ಬಳಿ ಕುರಿ ಹೆಚ್ಚು, ನಾಯಿಗಳೂ ಜೋರು. ಸಂಜೆ ಅವನನ್ನು ಮುಗಿಸಲು ಉಳಿದಿಬ್ಬರ ಸಂಚು. ಮೂರು ದಿನದಿಂದ ಮೇವು ಮುಟ್ಟದ ಕುರಿಯೊಂದು ಅದನ್ನು ತಿಳಿಸುತ್ತದೆ. ಅದಕ್ಕವನು, ‘ಒಂದು ವೇಳೆ ಸಾಯುವುದೇ ಆದರೆ’ ಎಂದು ಶುರುಮಾಡಿ, ದೊಡ್ಡಿಯ ಹತ್ತಿರವೇ ಹೂಳಬೇಕು, ತಲೆಯ ಬಳಿ ಕೊಳಲಿಡಬೇಕು ಎನ್ನುತ್ತಾನೆ. ಕೊಲೆ ನಡೆಯಿತೋ ಇಲ್ಲವೋ, ಹಾಡು ಹೇಳುವುದೇ ಇಲ್ಲ! ಅವನು ಹೇಳಿದ್ದು ಉಯಿಲು ಅಷ್ಟೇ.

ಕವಿ ವಸಿಲೆ ಅಲೆಕ್ಸಾಂದ್ರಿ 1850ರಲ್ಲಿ ಇದನ್ನು ಅಚ್ಚು ಮಾಡಿಸಿದ. ಅವನೇ ಒಂದಿಷ್ಟು ತಿದ್ದಿ ನಯಗೊಳಿಸಿದ್ದಾನೆಂಬ ಅನುಮಾನ ಹಳೆಯದು. ಜನರ ಬಾಯಲ್ಲಿ ಈ ಹಾಡಿಗೆ ಸಾವಿರಕ್ಕೂ ಹೆಚ್ಚು ಪಾಠಗಳು, ಎಂದರೆ ಬೇರೆ ಬೇರೆ ರೂಪಗಳು, ಇವೆ. ರೊಮೇನಿಯಾದ ಟ್ರಾನ್ಸಿಲ್ವೇನಿಯಾ ಪ್ರಾಂತ್ಯದಲ್ಲಿ ಇದು ಕ್ರಿಸ್‌ಮಸ್ ಸಮಯದಲ್ಲಿ ಮನೆಮನೆಗೆ ಹೋಗಿ ಹಾಡುವ ಹಾಡು. ಅಲ್ಲಿನ ಹಲವು ಪಾಠಗಳಲ್ಲಿ ಮಾತಾಡುವ ಕುರಿಯೇ ಇಲ್ಲ, ಉಯಿಲು ಮಾತ್ರ ಉಳಿದಿದೆ.

ಇನ್ನು ಮದುವೆಯ ಮಾತು. ತಾನು ಸತ್ತೆನೆಂದು ಉಳಿದ ಕುರಿಗಳಿಗೆ ಹೇಳಬೇಡ, ರಾಜಕುಮಾರಿಯನ್ನು ಮದುವೆಯಾದೆನೆಂದು ಹೇಳು ಎನ್ನುತ್ತಾನೆ. ಸೂರ್ಯಚಂದ್ರರು ಮದುವೆಯ ಕಿರೀಟ ಹಿಡಿದರು, ಬೆಟ್ಟಗಳು ಪುರೋಹಿತರಾದವು, ಹಕ್ಕಿಗಳು ವಾದ್ಯದವರು. ಇದು ಬರಿಯ ಕವಿಕಲ್ಪನೆಯಲ್ಲ. ಮದುವೆಯಾಗದೆ ಸತ್ತವರಿಗೆ ಮದುವೆಯ ಉಡುಪು ತೊಡಿಸಿ, ಸಮಾಧಿಯ ಬಳಿ ಫರ್ ಮರ ನೆಡುವ ಪದ್ಧತಿ ರೊಮೇನಿಯಾದ ಹಳ್ಳಿಗಳಲ್ಲಿತ್ತು. ಆಸೆ ತೀರದೆ ಹೋದವರು ತಿರುಗಿ ಬಂದು ಕಾಡಬಾರದೆಂಬ ಭಯ ಅದರ ಹಿಂದಿದೆ ಎಂದು ಜಾನಪದ ಸಂಗೀತ ವಿದ್ವಾಂಸ ಕಾನ್‌ಸ್ಟಾಂಟಿನ್ ಬ್ರೆಯಿಲೊಯು 1946ರಲ್ಲಿ ಬರೆದ. ಇಡೀ ಜನಾಂಗದ ಸ್ವಭಾವವನ್ನೇ ಈ ಹಾಡಿನಲ್ಲಿ ಹುಡುಕುವವರಿಗಿಂತ ಅವನ ಮಾತು ನನಗೆ ಹೆಚ್ಚು ಒಪ್ಪಿಗೆ.

ಅಲೆಕ್ಸಾಂದ್ರಿಯ ಪಾಠದ ಕೊನೆ ನೋಡಿ. ಉಣ್ಣೆಯ ನಡುಪಟ್ಟಿ ಕಟ್ಟಿದ ಮುದಿತಾಯಿ ಹೊಲಗಳಲ್ಲಿ ಓಡುತ್ತ ಮಗನನ್ನು ಹುಡುಕುತ್ತ ಬಂದಾಳು. ಅವಳಿಗೂ ಮದುವೆಯ ಸುದ್ದಿ ಹೇಳು, ಆದರೆ ಆ ಮದುವೆಯಲ್ಲಿ ನಕ್ಷತ್ರ ಬಿತ್ತೆಂದು ಮಾತ್ರ ಹೇಳಬೇಡ ಎಂದು ಕುರಿಯನ್ನು ಬೇಡಿಕೊಳ್ಳುತ್ತಾನೆ. ನಕ್ಷತ್ರ ಬಿದ್ದರೆ ಯಾರದೋ ಪ್ರಾಣ ಹೋಯಿತೆಂಬುದು ಅಲ್ಲಿನ ನಂಬಿಕೆ. ಕೇಳಿದರೆ ಆಕೆಗೆ ತಿಳಿದುಹೋಗುತ್ತದೆ.