ಎದುರಿಗೇ ಇದೆ, ಆದರೆ ದಾಟೋದು ಹೇಗೆ?

ಬಸ್ ಸ್ಟಾಪ್ ರಸ್ತೆಯ ಈ ಕಡೆ, ಆಸ್ಪತ್ರೆಯ ಗೇಟು ಆ ಕಡೆ. ದೂರ 30 ಮೀಟರ್ ಅಂತ, ನಡೆಯುವವರಿಗೆ ನಕ್ಷೆಯಲ್ಲಿ ದಾರಿ ಹುಡುಕಿಕೊಡುವ ನಮ್ಮ ಕಂಪ್ಯೂಟರ್ ತೋರಿಸಿತ್ತು. ಹೋಗಿ ನೋಡಿದರೆ ನಡುವೆ ಎದೆಮಟ್ಟದ ಡಿವೈಡರ್! 300 ಮೀಟರ್ ಆಚೆಯ ಸಿಗ್ನಲ್‌ವರೆಗೆ ಹೋಗಿ, ದಾಟಿ, ಅಷ್ಟೇ ದೂರ ವಾಪಸ್ ಬರಬೇಕು. ನನಗೇ ಹತ್ತು ನಿಮಿಷ ಹಿಡಿಯಿತು. ಕೋಲೂರಿ ನಡೆಯುವವರಿಗೆ ಇನ್ನೂ ಜಾಸ್ತಿ.

ಕಂಪ್ಯೂಟರಿನದೇನೂ ತಪ್ಪಿಲ್ಲ. ನಾವು ಕೊಟ್ಟ ಡೇಟಾ ಹಾಗಿತ್ತು. ಎಷ್ಟೋ ನಕ್ಷೆಗಳಲ್ಲಿ ಇರುವುದು ರಸ್ತೆಯ ನಡುಗೆರೆ ಮಾತ್ರ. ಗಾಡಿಗೆ ಅದು ಸಾಕು. ನಡೆಯುವವರಿಗೆ ಎಡದ ಫುಟ್‌ಪಾತ್ ಬೇರೆ, ಬಲದ್ದು ಬೇರೆ. ಎರಡಕ್ಕೂ ಬೇರೆ ಗೆರೆ ಎಳೆದು, ದಾಟಲು ಆಗುವ ಜಾಗದಲ್ಲಷ್ಟೇ ಕೂಡಿಸಬೇಕು. ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಫುಟ್‌ಪಾತ್, ಮೆಟ್ಟಿಲು, ಜೀಬ್ರಾ ಕ್ರಾಸಿಂಗ್, ಬೀದಿದೀಪ ಎಲ್ಲವನ್ನೂ ಗುರುತಿಸಬಹುದು. ಆದರೆ ಗುರುತು ಇಲ್ಲ ಅಂದರೆ ಫುಟ್‌ಪಾತೇ ಇಲ್ಲ ಅಂತಲ್ಲ, ಯಾರೂ ಹಾಕಿಲ್ಲ ಅಂತಲೂ ಇರಬಹುದು. ಇಲ್ಲಿ ನಾನೇ ಎಡವಿದ್ದೇನೆ.

ಗೆರೆ ಸರಿಯಾದರೆ ಮುಂದಿನದು ಸಲೀಸು. 1959ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಪ್ರಕಟಿಸಿದ ವಿಧಾನ ಕಡಿಮೆ ಖರ್ಚಿನ ದಾರಿಯನ್ನು ಹುಡುಕಿ ಕೊಡುತ್ತದೆ. ಖರ್ಚು ಅಂದರೆ ದುಡ್ಡಲ್ಲ; ದೂರವೋ, ಬಿಸಿಲೋ, ಕಾಯುವ ಹೊತ್ತೋ, ಏನು ಅಂತ ಹೇಳಬೇಕಾದವರು ನಾವು. 200 ಮೀಟರ್ ಬಿಸಿಲು ಬೀದಿಯನ್ನು 1.5ರಿಂದ ಗುಣಿಸಿ ನೋಡಿ: ಲೆಕ್ಕಕ್ಕೆ ಅದು 300 ಆಯಿತು, 280 ಮೀಟರಿನ ನೆರಳು ದಾರಿ ಗೆದ್ದಿತು. ಸೆಕೆಂಡಿಗೆ 1.2 ಮೀಟರ್ ನಡೆಯುವವರು ಸಿಗ್ನಲ್‌ನಲ್ಲಿ 60 ಸೆಕೆಂಡ್ ನಿಂತರೆ, 72 ಮೀಟರ್ ನಡೆದಷ್ಟೇ ಹೊತ್ತು ಹೋಯಿತು. ಆ 1.5 ಎಲ್ಲಿಂದ ಬಂತು ಅಂತೀರಾ? ಮೊದಲು ಸುಮ್ನೆ ಒಂದು ಅಂದಾಜು. ಆಮೇಲೆ ಮಧ್ಯಾಹ್ನ ಬೀದಿಯಲ್ಲಿ ನಿಂತು, ನೆರಳಿಗಾಗಿ ಎಷ್ಟು ಜನ ಸುತ್ತು ಹಾಕುತ್ತಾರೆ ಅಂತ ಎಣಿಸಿ ತಿದ್ದಬೇಕು.

ನೆರಳು ಒಂದೇ ಕಡೆ ನಿಲ್ಲುವುದಿಲ್ಲ, ಅಲ್ವಾ? ಕಟ್ಟಡದ ಎತ್ತರ, ಸೂರ್ಯನ ಕೋನ ಗೊತ್ತಿದ್ದರೆ ಗಂಟೆಗೊಮ್ಮೆ ಲೆಕ್ಕ ಹಾಕಬಹುದು. ಕತ್ತಲಾದ ಮೇಲೆ ನೆರಳನ್ನು ಬಿಟ್ಟು ದೀಪ ನೋಡಿ. ಕಂಬಗಳ ಪಟ್ಟಿ ಇದ್ದರೆ ಸಾಲದು, ದೀಪ ಉರಿಯುತ್ತಿದೆಯೋ ಇಲ್ಲವೋ ಅನ್ನುವುದೂ ಬೇಕು.

ವೀಲ್‌ಚೇರಿನ ಲೆಕ್ಕವೇ ಬೇರೆ. 15 ಸೆಂಟಿಮೀಟರ್ ಎತ್ತರದ ಫುಟ್‌ಪಾತ್ ಅಂಚು ಒಂದು ಅಡ್ಡ ಬಂದರೂ ದಾರಿ ಅಲ್ಲಿಗೆ ಮುಗಿಯಿತು. ಅಲ್ಲಿ ಗುಣಾಕಾರ ಬೇಡ, ಆ ಗೆರೆಯನ್ನೇ ಅಳಿಸಿ. ನೆಲದ ಎತ್ತರಕ್ಕೆ 30 ಮೀಟರಿಗೊಂದು ಬಿಂದು ಇರುವ ಉಪಗ್ರಹ ಡೇಟಾದಲ್ಲಿ ಇಂಥ ಅಂಚು ಕಾಣುವುದಿಲ್ಲ. ಟೇಪ್ ಹಿಡಿದು ನಡೆಯಲೇಬೇಕು.

ನಕ್ಷೆಯಲ್ಲಿ ಆಸ್ಪತ್ರೆಯ ಗೇಟಿನ ಎದುರು, ಸುಳ್ಳುಸುಳ್ಳೇ ಒಂದು ಕ್ರಾಸಿಂಗ್ ಗೆರೆ ಎಳೆದು ಲೆಕ್ಕವನ್ನು ಮತ್ತೆ ಓಡಿಸಿದೆ. ಸುತ್ತಲಿನ ಎಷ್ಟೋ ದಾರಿಗಳು ಒಮ್ಮೆಗೇ ಚಿಕ್ಕದಾದವು. ಎರಡೂ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ರಸ್ತೆ ಎಂಜಿನಿಯರಿಗೆ ತೋರಿಸಿದೆ.